ಒಂದೇ ಕಂಪ್ಯೂಟರ್‌ನಿಂದ ಎಲ್‌ಇಡಿ ವಾಲ್‌ಗೂ ಕಳಿಸಿ, ರೆಕಾರ್ಡೂ ಮಾಡೋದು ಹೇಗೆ?

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದವನು. ಗಣಪತಿ ಪೆಂಡಾಲ್, ಸ್ಕೂಲ್ ಡೇ, ಆರ್ಕೆಸ್ಟ್ರಾ ಕಾರ್ಯಕ್ರಮಗಳಿಗೆ ಮನೆಯ ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿ ಲೈವ್ ವಿಡಿಯೊ ಮಿಕ್ಸಿಂಗ್ ಮಾಡುತ್ತೇನೆ. ಎರಡು ಕ್ಯಾಮೆರಾ, ಒಂದಷ್ಟು ಬ್ಯಾಕ್‌ಗ್ರೌಂಡ್ ಕ್ಲಿಪ್, ಕಲಾವಿದರ ಹೆಸರು, ಎಲ್ಲಾ ಒಬಿಎಸ್ ಅನ್ನೋ ಉಚಿತ ವಿಡಿಯೊ ಮಿಕ್ಸಿಂಗ್, ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲೇ. ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1650 ಕಾರ್ಡ್, ಒಂದು ಹಾರ್ಡ್‌ಡಿಸ್ಕ್ ಇದೆ. ಎಲ್‌ಇಡಿ ವಾಲ್‌ಗೆ ಕಳಿಸೋದಷ್ಟೇ ಆದರೆ ತೊಂದರೆ ಇಲ್ಲ. ರೆಕಾರ್ಡ್ ಒತ್ತಿದ ಕೂಡಲೇ ಚಿತ್ರ ಲ್ಯಾಗ್ ಆಗುತ್ತೆ. ಹೋದ ಸಲ ಮಧ್ಯದಲ್ಲಿ ಕರೆಂಟ್ ಹೋಗಿ ಎರಡು ಗಂಟೆಯ ಫೈಲ್ ಓಪನ್ನೇ ಆಗಲಿಲ್ಲ. ವಾಲ್ ಮೇಲೆ ಆಗಾಗ ಮೌಸ್ ಬಾಣ ಕಾಣುತ್ತೆ, ಹೆಸರುಗಳು ಮಸುಕಾಗಿ ಬರುತ್ತವೆ. ಹೊಸ ಕಂಪ್ಯೂಟರ್ ತಗೋಬೇಕಾ?

ಉತ್ತರ: ಬೇಡ. ನಿಮ್ಮ ಹತ್ತಿರ ಇರೋದು ಈ ಕೆಲಸಕ್ಕೆ ಸಾಕು. ಸಕಲೇಶಪುರ, ಬೇಲೂರು ಕಡೆ ಇದಕ್ಕಿಂತ ಹಳೆಯ ಮೆಷಿನ್ ಇಟ್ಟುಕೊಂಡು ಚೆನ್ನಾಗಿ ಕಾರ್ಯಕ್ರಮ ನಡೆಸುವವರು ಇದ್ದಾರೆ. ಖರ್ಚು ಮಾಡಲೇಬೇಕು ಅನ್ನಿಸಿದರೆ ಒಂದು ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ರ‍್ಯಾಮ್, ಒಂದು ಯುಪಿಎಸ್ ತಗೊಳ್ಳಿ. ಅಷ್ಟೇ.

ನೀವು ಹೇಳಿರೋ ತೊಂದರೆಗಳ ಹಿಂದೆ ಇರೋದು ಹೆಚ್ಚುಕಮ್ಮಿ ಒಂದೇ ವಿಷಯ. ಮಿಕ್ಸ್ ಮಾಡೋದು, ವಾಲ್‌ಗೆ ಕಳಿಸೋದು, ಡಿಸ್ಕ್‌ಗೆ ಬರೆಯೋದು ಬೇರೆ ಬೇರೆ ಕೆಲಸ. ಅವೆಲ್ಲವೂ ಈಗ ನಿಮ್ಮಲ್ಲಿ ಒಂದೇ ಪ್ರೊಸೆಸರ್, ಒಂದೇ ಹಾರ್ಡ್‌ಡಿಸ್ಕ್ ಮೇಲೆ ಬಿದ್ದಿವೆ. ರೆಕಾರ್ಡಿಂಗ್ ಕೆಟ್ಟರೂ ವಾಲ್ ಕೆಡಬಾರದು, ವಾಲ್‌ನವರು ಕೇಬಲ್ ಕಿತ್ತರೂ ರೆಕಾರ್ಡಿಂಗ್ ನಿಲ್ಲಬಾರದು. ಹಾಗೆ ಕೆಲಸ ಹಂಚಿಕೊಟ್ಟರೆ ಉಳಿದದ್ದು ಸಲೀಸು.

ಮೊದಲು ಲ್ಯಾಗ್ ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯಿರಿ. ಊಹೆ ಮಾಡೋದು ಬೇಡ, ಒಬಿಎಸ್ಸೇ ಹೇಳುತ್ತೆ. ಡಾಕ್ಸ್ ಮೆನುವಿನಲ್ಲಿ ಸ್ಟ್ಯಾಟ್ಸ್ ಅಂತ ಇದೆ, ಹಳೆಯ ಆವೃತ್ತಿಯಲ್ಲಿ ವ್ಯೂ ಮೆನುವಿನಲ್ಲಿ ಇರುತ್ತೆ. ಅದನ್ನು ತೆರೆದಿಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ. ಅಲ್ಲಿ ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮ್‌ಗಳ ಲೆಕ್ಕ ಬೇರೆ, ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ಬೇರೆ ಇರುತ್ತೆ. ನೆಟ್‌ವರ್ಕ್‌ನಲ್ಲಿ ಬಿದ್ದುಹೋದ ಫ್ರೇಮ್‌ಗಳದ್ದು ಇನ್ನೊಂದು ಲೆಕ್ಕ, ಅದು ಸ್ಟ್ರೀಮ್ ಮಾಡುವವರಿಗೆ ಮಾತ್ರ. ಎಷ್ಟೋ ಜನ ಈ ಅಂಕಿಗಳನ್ನು ಒಂದೇ ಅಂದುಕೊಂಡು ಎಲ್ಲೆಲ್ಲೋ ಸೆಟ್ಟಿಂಗ್ ತಿರುಗಿಸುತ್ತಾ ಇರ್ತಾರೆ. ಪ್ರತಿಯೊಂದಕ್ಕೂ ಮದ್ದು ಬೇರೆ.

ಎನ್‌ಕೋಡಿಂಗ್ ಲ್ಯಾಗ್ ಏರ್ತಾ ಇದ್ರೆ ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡೋ ಕೆಲಸ ತಡವಾಗ್ತಿದೆ ಅಂತ ಅರ್ಥ. ನಿಮ್ಮ ವಿಷಯದಲ್ಲಿ ನನಗೆ ಮೊದಲ ಅನುಮಾನ ಇದರ ಮೇಲೇ. ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಎನ್‌ಕೋಡರ್ ಎಕ್ಸ್264 ಅಂತ ಇದೆಯಾ ನೋಡಿ. ಇದ್ದರೆ ಆ ಭಾರವೆಲ್ಲಾ ಪ್ರೊಸೆಸರ್ ಮೇಲೆ ಬೀಳ್ತಿದೆ. ಅದನ್ನು ಎನ್‌ವಿಡಿಯಾ ಎನ್‌ವೆಂಕ್‌ಗೆ ಬದಲಿಸಿ. 1650 ಕಾರ್ಡ್‌ನ ಒಳಗೆ ವಿಡಿಯೊ ಎನ್‌ಕೋಡ್ ಮಾಡಲಿಕ್ಕೆ ಅಂತಲೇ ಒಂದು ಪ್ರತ್ಯೇಕ ಭಾಗ ಇದೆ. ನೀವು ಬಳಸಿದರೂ ಬಿಟ್ಟರೂ ಅದು ಅಲ್ಲೇ ಇರುತ್ತೆ. ಮಿಕ್ಸಿಂಗ್ ಮಾಡೋ ಭಾಗಕ್ಕೆ ಅದರಿಂದ ಹೆಚ್ಚು ತೊಂದರೆ ಆಗಲ್ಲ.

ರೆಂಡರಿಂಗ್ ಲ್ಯಾಗ್ ಏರ್ತಾ ಇದ್ರೆ ವಿಷಯ ಬೇರೆ. ಕ್ಯಾಮೆರಾ, ಕ್ಲಿಪ್, ಹೆಸರು ಎಲ್ಲಾ ಸೇರಿಸಿ ಚಿತ್ರ ಕಟ್ಟುವುದರಲ್ಲೇ ಗ್ರಾಫಿಕ್ಸ್ ಕಾರ್ಡ್ ಸುಸ್ತಾಗ್ತಿದೆ. ಒಬಿಎಸ್‌ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆಗ ವಿಂಡೋಸ್ ಅದಕ್ಕೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಆದ್ಯತೆ ಕೊಡುತ್ತೆ. ಕ್ರೋಮ್ ಮುಚ್ಚಿ. ಕ್ಯಾನ್ವಾಸ್ (ಚಿತ್ರ ಜೋಡಿಸೋ ಅಳತೆ) ಮತ್ತು ಔಟ್‌ಪುಟ್ (ಹೊರಗೆ ಹೋಗೋ ಅಳತೆ) ಎರಡನ್ನೂ 1920×1080ಕ್ಕೇ ಇಡಿ. ಆಮೇಲೆ ಎಲ್‌ಇಡಿಗೆ ಹೋಗೋ ಎಚ್‌ಡಿಎಂಐ ಕೇಬಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಮಾನಿಟರ್ ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ವಾಲ್ ಮದರ್‌ಬೋರ್ಡ್‌ನ ಪೋರ್ಟ್‌ನಲ್ಲಿ ಇದ್ದರೆ ಪ್ರತಿ ಫ್ರೇಮನ್ನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾಗುತ್ತೆ. ಎರಡನ್ನೂ ಕಾರ್ಡ್‌ಗೇ ಹಾಕಿ. ಹೊಂಡ ಬಿದ್ದ ರಸ್ತೆಯಲ್ಲಿ ಜೀಪಿನಲ್ಲಿ ಸಾಗಿಸಿದ ಮೇಲೆ ಕಾರ್ಡ್ ಸ್ಲಾಟ್‌ನಲ್ಲಿ ಭದ್ರವಾಗಿ ಕೂತಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ಕ್ಲಿಪ್‌ಗಳೂ ಕಾರಣ ಇರಬಹುದು. ಫೋನ್‌ನಲ್ಲಿ ತೆಗೆದ 4ಕೆ ವಿಡಿಯೊವನ್ನು ಹಾಗೇ ಹಾಕಿದರೆ ಎರಡು ಕ್ಯಾಮೆರಾ ಜೊತೆಗೆ ಅದನ್ನೂ ಬಿಡಿಸಿ ಓಡಿಸಬೇಕು. ಜೊತೆಗೆ ಫೋನ್ ವಿಡಿಯೊದಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರೋದಿಲ್ಲ. ಹಿಂದಿನ ದಿನವೇ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಬದಲಿಸೋ ಸಾಫ್ಟ್‌ವೇರ್‌ನಲ್ಲಿ 1080ಪಿ, ಸ್ಥಿರ 25 ಫ್ರೇಮ್‌ಗೆ ಬದಲಿಸಿಟ್ಟುಕೊಳ್ಳಿ. ಮೀಡಿಯಾ ಸೋರ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಟಿಕ್ ಮಾಡಿ.

25 ಯಾಕೆ, 30 ಯಾಕಲ್ಲ ಅಂತ ಕೇಳಬಹುದು. ನಮ್ಮ ಕರೆಂಟ್ 50 ಹರ್ಟ್ಸ್‌ದು. ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಕ್ಯಾಮೆರಾದಲ್ಲಿ ಶಟರ್ 1/50 ಇಟ್ಟು ಫ್ರೇಮ್ ರೇಟ್ 25 ಅಥವಾ 50 ಇಟ್ಟರೆ ಆ ಮಿನುಗು ಹಿಡಿಯಲ್ಲ. ಒಬಿಎಸ್‌ನ ಎಫ್‌ಪಿಎಸ್ ಪಟ್ಟಿಯಲ್ಲಿ 25 ಪಾಲ್, 50 ಪಾಲ್ ಅಂತಲೇ ಇವೆ. ಸ್ಕೂಲ್ ಡೇಗೆ 25 ಸಾಕು. ಡ್ಯಾನ್ಸ್ ಜಾಸ್ತಿ ಇದ್ದು ಮೆಷಿನ್ ತಡೆದುಕೊಂಡರೆ 50. ಕ್ಯಾಮೆರಾ, ಒಬಿಎಸ್, ಕ್ಲಿಪ್ ಎಲ್ಲಕ್ಕೂ ಒಂದೇ ಕುಟುಂಬದ ಅಂಕಿ ಇರಲಿ. ಕ್ಯಾಮೆರಾ 25, ಒಬಿಎಸ್ 30 ಅಂತ ಬೆರಕೆ ಮಾಡಿದರೆ ಕ್ಯಾಮೆರಾ ಪ್ಯಾನ್ ಮಾಡಿದಾಗಲೆಲ್ಲಾ ಚಿತ್ರ ತಡೆತಡೆದು ಹೋಗುತ್ತೆ. ಅದನ್ನು ಕಂಪ್ಯೂಟರ್ ತಪ್ಪು ಅಂದುಕೊಂಡು ಜನ ಸುಮ್ನೆ ದುಡ್ಡು ಕಳಕೊಳ್ತಾರೆ.

ಇನ್ನು ವಾಲ್ ವಿಷಯ. ವಿಂಡೋಸ್ ಕೀ ಮತ್ತು ಪಿ ಒತ್ತಿ ಎಕ್ಸ್‌ಟೆಂಡ್ ಆಯ್ಕೆ ಮಾಡಿ, ಡೂಪ್ಲಿಕೇಟ್ ಬೇಡ. ಡೂಪ್ಲಿಕೇಟ್ ಇದ್ದರೆ ನಿಮ್ಮ ಮೆನು, ಫೋಲ್ಡರ್, ಎಲ್ಲವನ್ನೂ ಊರೇ ನೋಡುತ್ತೆ. ಒಬಿಎಸ್‌ನಲ್ಲಿ ಸ್ಟುಡಿಯೊ ಮೋಡ್ ಹಾಕಿ. ಎಡಗಡೆ ಪ್ರಿವ್ಯೂ, ಬಲಗಡೆ ಪ್ರೋಗ್ರಾಂ. ಬಲಗಡೆಯ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಫುಲ್‌ಸ್ಕ್ರೀನ್ ಪ್ರೊಜೆಕ್ಟರ್ ಅಂತ ಕೊಟ್ಟು ವಾಲ್ ಇರೋ ಡಿಸ್‌ಪ್ಲೇ ಆರಿಸಿ. ಎಡಗಡೆಯದಕ್ಕೆ ಕೊಟ್ಟರೆ ಮುಂದೆ ಹಾಕಬೇಕು ಅಂತ ನೀವು ಹೊಂದಿಸಿಕೊಳ್ತಿರೋದೇ ವಾಲ್ ಮೇಲೆ ಬರುತ್ತೆ.

ಮೌಸ್ ಬಾಣಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2 ಅಂತ ಎರಡು ಚೌಕ ಪಕ್ಕಪಕ್ಕ ಕಾಣುತ್ತವೆ. ವಾಲ್‌ನ ಚೌಕವನ್ನು ಎಳೆದು ಮೂಲೆಗೆ ಮೂಲೆ ಮಾತ್ರ ತಾಗುವ ಹಾಗೆ ಓರೆಯಾಗಿ ಮೇಲೆ ಇಡಿ. ಪಕ್ಕಪಕ್ಕ ಇದ್ದಾಗ ಮೌಸ್ ಸ್ವಲ್ಪ ಬಲಕ್ಕೆ ಹೋದರೂ ಜಾರಿ ವಾಲ್ ಮೇಲೆ ಹೋಗುತ್ತೆ. ಮೂಲೆ ತಾಗಿದ್ದರೆ ಬೇಕಂತ ಆ ಮೂಲೆಗೇ ಒಯ್ಯಬೇಕು. ಎರಡನೇ ಡಿಸ್‌ಪ್ಲೇಯಲ್ಲಿ ಟಾಸ್ಕ್‌ಬಾರ್ ಬರದ ಹಾಗೆ ಮಾಡಿ, ನೋಟಿಫಿಕೇಶನ್ ನಿಲ್ಲಿಸಿ, ಸ್ಲೀಪ್ ಆಫ್ ಮಾಡಿ. ಆ ಡಿಸ್‌ಪ್ಲೇಯ ವಾಲ್‌ಪೇಪರ್‌ಗೆ ಕಾರ್ಯಕ್ರಮದ ಬ್ಯಾನರ್ ಚಿತ್ರವನ್ನೇ ಹಾಕಿ. ಅಕಸ್ಮಾತ್ ಒಬಿಎಸ್ ಮುಚ್ಚಿಹೋದರೂ ಜನರಿಗೆ ಕಾಣೋದು ಬ್ಯಾನರ್, ನಿಮ್ಮ ಡೆಸ್ಕ್‌ಟಾಪ್ ಅಲ್ಲ.

ಹೆಸರು ಮಸುಕಾಗೋದಕ್ಕೆ ಕಂಪ್ಯೂಟರ್ ಕಾರಣವೇ ಅಲ್ಲ. ಎಲ್‌ಇಡಿ ವಾಲ್ ಎಷ್ಟೇ ದೊಡ್ಡದಾಗಿ ಕಂಡರೂ ಅದರಲ್ಲಿ ಇರೋ ಪಿಕ್ಸೆಲ್ ಕಮ್ಮಿ. ಲೆಕ್ಕ ಹಾಕಿ ನೋಡಿ. ಬಾಡಿಗೆಗೆ ಬರೋ ಪಿ3.91 ವಾಲ್‌ನಲ್ಲಿ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ 3.91 ಮಿಲಿಮೀಟರ್. 500 ಮಿಲಿಮೀಟರ್ ಉದ್ದಗಲದ ಒಂದು ಕ್ಯಾಬಿನೆಟ್‌ನಲ್ಲಿ 128×128 ಪಿಕ್ಸೆಲ್ ಇರುತ್ತವೆ. ಅಡ್ಡಕ್ಕೆ ಆರು, ಎತ್ತರಕ್ಕೆ ನಾಲ್ಕು ಕ್ಯಾಬಿನೆಟ್ ಜೋಡಿಸಿದರೆ 3 ಮೀಟರ್ ಅಗಲ, 2 ಮೀಟರ್ ಎತ್ತರದ ವಾಲ್. ಅದರ ಪಿಕ್ಸೆಲ್ 768×512 ಮಾತ್ರ. ನೀವು ಕಳಿಸೋ 1920×1080 ಅದರೊಳಗೆ ಹಿಡಿಸಬೇಕು. ಆಕಾರವೂ ಬೇರೆ. ನಿಮ್ಮದು 16:9, ಅದು 3:2. ವಾಲ್‌ನವರ ವಿಡಿಯೊ ಪ್ರೊಸೆಸರ್ ಪೆಟ್ಟಿಗೆ ಹಿಗ್ಗಿಸಿ ಕೂರಿಸಿದರೆ ಮುಖಗಳು ಉದ್ದವಾಗುತ್ತವೆ. ಇಲ್ಲವೇ ಎರಡೂ ಪಕ್ಕ ಕತ್ತರಿಸಿಹೋಗುತ್ತೆ.

ಹೀಗಾಗಿ ಬುಕಿಂಗ್ ಆದ ದಿನವೇ ವಾಲ್‌ನವರಿಗೆ ಫೋನ್ ಮಾಡಿ, ಎಷ್ಟು ಅಡಿ ಅಂತ ಕೇಳಬೇಡಿ, ಅಡ್ಡ ಎಷ್ಟು ಪಿಕ್ಸೆಲ್, ಎತ್ತರ ಎಷ್ಟು ಪಿಕ್ಸೆಲ್ ಅಂತ ಕೇಳಿ. ಆ ಅಂಕಿ ಗೊತ್ತಾದರೆ ಅದೇ ಅಳತೆಯ ಚೌಕಟ್ಟನ್ನು ಮನೆಯಲ್ಲೇ ಹಾಕಿಕೊಂಡು ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ನೋಡಬಹುದು. ಕನ್ನಡಕ್ಕೆ ಇಂಗ್ಲಿಷ್‌ಗಿಂತ ದೊಡ್ಡ ಅಕ್ಷರ ಬೇಕೇಬೇಕು. ‘ಕೃಷ್ಣಮೂರ್ತಿ’ ಅಂತ ಬರೆದರೆ ‘ಷ್ಣ’ದ ಒತ್ತಕ್ಷರ, ‘ಕೃ’ದ ವಟ್ರಸುಳಿ, ‘ರ್ತಿ’ಯ ಅರ್ಕಾವತ್ತು ಎಲ್ಲಾ ನಾಲ್ಕೈದು ಪಿಕ್ಸೆಲ್‌ನಲ್ಲಿ ಸೇರಿಕೊಂಡು ಉಂಡೆ ಆಗುತ್ತೆ. 512 ಪಿಕ್ಸೆಲ್ ಎತ್ತರದ ವಾಲ್‌ನಲ್ಲಿ ಹೆಸರಿನ ಸಾಲು ಒತ್ತು ಸೇರಿ 60 ಪಿಕ್ಸೆಲ್‌ಗಿಂತ ಕಮ್ಮಿ ಇಡಬೇಡಿ. ದಪ್ಪ ಅಕ್ಷರ, ಗಾಢ ಹಿನ್ನೆಲೆ. ಒಂದು ಸಲಕ್ಕೆ ಎರಡೇ ಸಾಲು. ತೆಳ್ಳಗಿನ ಗೀಟಿನ ಫಾಂಟ್ ಪತ್ರಿಕೆಗೆ ಚೆಂದ, ವಾಲ್‌ಗಲ್ಲ.

ಇನ್ನೊಂದು ಮಾತು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳನ್ನು ಸಂಘಟಕರು ಕೊಟ್ಟರೆ ಒಬಿಎಸ್‌ನಲ್ಲಿ ಅಂಟಿಸಿದಾಗ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ಗೆ ಬದಲಿಸಿಯೇ ಹಾಕಬೇಕು. ನಾನಂತೂ ಕನ್ನಡ ಹೆಸರುಗಳನ್ನು ಒಬಿಎಸ್‌ನಲ್ಲಿ ಟೈಪ್ ಮಾಡುವುದೇ ಇಲ್ಲ. ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿಟ್ಟುಕೊಳ್ತೇನೆ. ಒತ್ತಕ್ಷರ ಬೇರೆಲ್ಲೋ ಹೋಗಿ ಕೂತಿತು ಅನ್ನೋ ಭಯ ಇರಲ್ಲ. ಒಬ್ಬರ ಹೆಸರನ್ನು ಇಡೀ ಊರಿನ ಮುಂದೆ ತಪ್ಪಾಗಿ ತೋರಿಸಿದರೆ ಅವರಿಗೆ ಎಷ್ಟು ನೋವಾಗುತ್ತೆ ಅಲ್ವಾ? ಈ ಕೆಲಸಕ್ಕೆ ಸಮಯ ಕೊಡಿ.

ಕೇಬಲ್ ಬಗ್ಗೆ ಬೇಗ ಹೇಳಿಬಿಡ್ತೇನೆ. ಸಾಮಾನ್ಯ ಎಚ್‌ಡಿಎಂಐ ಕೇಬಲ್‌ಅನ್ನು 10 ಮೀಟರ್‌ಗಿಂತ ಉದ್ದ ನಂಬಬೇಡಿ. ಸ್ಟೇಜ್ ದೂರ ಇದ್ದರೆ ಎಸ್‌ಡಿಐ ಕನ್ವರ್ಟರ್ (ದೂರಕ್ಕೆ ವಿಡಿಯೊ ಒಯ್ಯೋ ಕೇಬಲ್‌ಗೆ ಬದಲಿಸೋ ಪೆಟ್ಟಿಗೆ) ಅಥವಾ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬಳಸಿ. ಜನ ಓಡಾಡೋ ಕಡೆ ಮ್ಯಾಟ್ ಕೆಳಗೆ ಹಾಕಿ.

ಈಗ ಫೈಲ್ ಯಾಕೆ ಸತ್ತುಹೋಯಿತು ಅನ್ನೋದು. ನೀವು ಎಂಪಿ4ನಲ್ಲಿ ರೆಕಾರ್ಡ್ ಮಾಡಿರಬೇಕು. ಸಾಮಾನ್ಯ ಎಂಪಿ4 ಫೈಲ್‌ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿಯನ್ನು ಸ್ಟಾಪ್ ಒತ್ತಿದ ಮೇಲೆ ಬರೆಯುತ್ತೆ. ಪುಟಸಂಖ್ಯೆ ಹಾಕದ ಬಿಡಿ ಹಾಳೆಗಳ ಕಟ್ಟು ಕೈಗೆ ಸಿಕ್ಕ ಹಾಗೆ ಆಗುತ್ತೆ, ಎಲ್ಲಾ ಇದೆ, ಓದಲಿಕ್ಕೆ ಆಗಲ್ಲ. ಎಂಕೆವಿ ಅನ್ನೋ ಇನ್ನೊಂದು ಬಗೆಯ ಫೈಲ್‌ನಲ್ಲಿ ಹಾಗಿಲ್ಲ. ಕರೆಂಟ್ ಹೋದ ಕ್ಷಣದ ತನಕದ್ದು ಹೆಚ್ಚುಕಮ್ಮಿ ಪೂರ್ತಿ ಉಳಿಯುತ್ತೆ. ಎಂಕೆವಿಯಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಫೈಲ್ ಮೆನುವಿನ ರೀಮಕ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಿ. ಅದರಲ್ಲಿ ಮತ್ತೆ ಎನ್‌ಕೋಡ್ ಆಗೋದಿಲ್ಲ, ಗುಣಮಟ್ಟ ಒಂಚೂರೂ ಕೆಡಲ್ಲ, ಬೇಗ ಮುಗಿಯುತ್ತೆ. ಹೊಸ ಆವೃತ್ತಿಗಳಲ್ಲಿ ಹೈಬ್ರಿಡ್ ಎಂಪಿ4 ಅಂತಲೂ ಬಂದಿದೆ, ಅದೂ ಹೀಗೆ ಕರೆಂಟ್ ಹೋದರೆ ತಡೆದುಕೊಳ್ಳುತ್ತೆ. ಅರ್ಧ ಗಂಟೆಗೊಂದು ಫೈಲ್ ಆಗುವ ಹಾಗೆ ಆಟೊಮ್ಯಾಟಿಕ್ ಸ್ಪ್ಲಿಟ್ಟಿಂಗ್ ಹಾಕಿದರೆ ಇನ್ನೂ ನೆಮ್ಮದಿ.

ಗುಣಮಟ್ಟಕ್ಕೆ ರೇಟ್ ಕಂಟ್ರೋಲ್‌ನಲ್ಲಿ ಸಿಕ್ಯುಪಿ (ಗುಣಮಟ್ಟ ಒಂದೇ ಸಮ ಇಡೋ ಬಗೆ) ಆರಿಸಿ 20 ಇಡಿ. ಅಂಕಿ ಕಮ್ಮಿ ಆದಷ್ಟೂ ಚಿತ್ರ ಚೆನ್ನಾಗಿರುತ್ತೆ, ಫೈಲ್ ದೊಡ್ಡದಾಗುತ್ತೆ. ಜಾಗದ ಲೆಕ್ಕ ಗೊತ್ತಿರಲಿ. ಸರಾಸರಿ ಸೆಕೆಂಡಿಗೆ 20 ಮೆಗಾಬಿಟ್ ಬಂದರೆ ಗಂಟೆಗೆ 9 ಜಿಬಿ. ಮೂರು ಗಂಟೆಯ ಕಾರ್ಯಕ್ರಮಕ್ಕೆ 27 ಜಿಬಿ. ಡ್ಯಾನ್ಸ್, ಹೊಗೆ, ಮಿಂಚೋ ಲೈಟ್ ಇದ್ದರೆ ಸಿಕ್ಯುಪಿಯಲ್ಲಿ ಇದಕ್ಕಿಂತ ಜಾಸ್ತಿ ಆಗುತ್ತೆ, ಅದಕ್ಕೆ ಎರಡರಷ್ಟು ಜಾಗ ಖಾಲಿ ಇಟ್ಟುಕೊಳ್ಳಿ. ನೇರವಾಗಿ ಪೆನ್‌ಡ್ರೈವ್‌ಗೆ ಬರೆಯಬೇಡಿ. ಎಫ್‌ಎಟಿ32 ಡ್ರೈವ್ ಆದರೆ 4 ಜಿಬಿ ದಾಟಿದ ಫೈಲ್ ಹಿಡಿಯೋದೇ ಇಲ್ಲ. ಕ್ಲಿಪ್‌ಗಳು ಹಾರ್ಡ್‌ಡಿಸ್ಕ್‌ನಲ್ಲಿದ್ದರೆ ರೆಕಾರ್ಡಿಂಗ್ ಎಸ್‌ಎಸ್‌ಡಿಗೆ ಹೋಗಲಿ. ಒಂದೇ ಡಿಸ್ಕ್ ಓದುತ್ತಾ ಬರೆಯುತ್ತಾ ಇರೋದೇ ನಿಮ್ಮ ಲ್ಯಾಗ್‌ನ ಇನ್ನೊಂದು ಕಾರಣ ಆಗಿರಬಹುದು.

ಯುಪಿಎಸ್ ನಮ್ಮ ಮಲೆನಾಡಿನಲ್ಲಿ ಬೇಕೇಬೇಕು. ಮಳೆಗಾಲದಲ್ಲಿ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಯಾರೇನು ಮಾಡ್ತಾರೆ? ಜನರೇಟರ್ ಶುರುವಾಗೋ ತನಕ ಕಂಪ್ಯೂಟರ್ ನಿಂತಿದ್ದರೆ ಸಾಕು. ಕಂಪ್ಯೂಟರ್, ಆಡಿಯೊ ಇಂಟರ್‌ಫೇಸ್, ಒಂದು ಮಾನಿಟರ್ ಮಾತ್ರ ಅದಕ್ಕೆ ಹಾಕಿ. ಬೇರೆಯವರು ಫೋನ್ ಚಾರ್ಜರ್ ಚುಚ್ಚಲಿಕ್ಕೆ ಬಂದರೆ ಬಿಡಬೇಡಿ.

ಧ್ವನಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಚಿತ್ರ ಸ್ವಲ್ಪ ಕೆಟ್ಟರೂ ಜನ ನೋಡ್ತಾರೆ, ಧ್ವನಿ ಕೆಟ್ಟರೆ ಆಫ್ ಮಾಡ್ತಾರೆ. ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ನಿಂದ ಆಕ್ಸ್ ಔಟ್ ಅಥವಾ ರೆಕಾರ್ಡ್ ಔಟ್ ಕೇಳಿ, ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ತಗೊಳ್ಳಿ. ಆದರೆ ಅದೊಂದನ್ನೇ ನಂಬಬೇಡಿ. ಚಿಕ್ಕ ಹಾಲ್‌ನಲ್ಲಿ ಡ್ರಮ್ಸ್, ಚೆಂಡೆ ತಾವೇ ಜೋರಾಗಿ ಕೇಳೋದರಿಂದ ಮಿಕ್ಸರ್‌ನಲ್ಲಿ ಅವುಗಳ ಮಟ್ಟ ಕಮ್ಮಿ ಇರುತ್ತೆ ಅಥವಾ ಇರೋದೇ ಇಲ್ಲ. ರೆಕಾರ್ಡಿಂಗ್‌ನಲ್ಲಿ ಹಾಡು ಮಾತ್ರ ಕೇಳುತ್ತೆ, ತಾಳ ಮಾಯ. ಜನರ ಕಡೆ ಒಂದು ಮೈಕ್ ಇಟ್ಟು ಅದನ್ನು ಬೇರೆ ಟ್ರ್ಯಾಕ್‌ನಲ್ಲಿ ತಗೊಳ್ಳಿ. ಒಬಿಎಸ್ ಆರು ಟ್ರ್ಯಾಕ್ ತನಕ ಬೇರೆ ಬೇರೆ ಬರೆಯುತ್ತೆ. ಚಪ್ಪಾಳೆಯೂ ಸಿಗುತ್ತೆ. ಎಲ್ಲಾ ಕಡೆ 48 ಕಿಲೋಹರ್ಟ್ಸ್ ಇರಲಿ.

ತುಟಿಗೂ ಮಾತಿಗೂ ಹೊಂದಿಕೆ ತಪ್ಪೋದಕ್ಕೆ ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾ ಚಿತ್ರವನ್ನು ಕಂಪ್ಯೂಟರ್‌ಗೆ ತರೋ ಸಾಧನ) ಚಿತ್ರವನ್ನು ತಡಮಾಡಿ ಕೊಡೋದು ಕಾರಣ. ಕಾರ್ಯಕ್ರಮಕ್ಕೆ ಮೊದಲು ಮೈಕ್ ಮುಂದೆ, ಕ್ಯಾಮೆರಾಗೆ ಕಾಣುವ ಹಾಗೆ ಒಬ್ಬರ ಹತ್ತಿರ ಚಪ್ಪಾಳೆ ತಟ್ಟಿಸಿ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ತೆರೆದು ಸದ್ದು ಬಂದ ಎಷ್ಟು ಫ್ರೇಮ್ ಆದ ಮೇಲೆ ಕೈ ಸೇರುತ್ತೆ ಅಂತ ಎಣಿಸಿ. 25ರಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್. ಮೂರು ಫ್ರೇಮ್ ವ್ಯತ್ಯಾಸ ಇದ್ದರೆ ಆಡಿಯೊ ಸಿಂಕ್ ಆಫ್‌ಸೆಟ್‌ಗೆ 120 ಹಾಕಿ. ಇದು ರೆಕಾರ್ಡಿಂಗ್‌ಅನ್ನು ಮಾತ್ರ ಸರಿಮಾಡುತ್ತೆ, ವಾಲ್ ಮೇಲಿನದನ್ನಲ್ಲ. ವಾಲ್ ಮೇಲಿನ ತಡ ಮುಂದಿನ ಸಾಲಿನವರಿಗೆ ಜಾಸ್ತಿ ಗೊತ್ತಾಗುತ್ತೆ. ಸುಮಾರು 34 ಮೀಟರ್ ದೂರ ಕೂತವರಿಗೆ ಸ್ಪೀಕರ್ ಸದ್ದೇ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪೋದರಿಂದ ಅವರಿಗೆ ಹೊಂದಿಕೊಂಡ ಹಾಗೇ ಇರುತ್ತೆ. ಹಾಡುವವರ ತುಟಿಯ ಕ್ಲೋಸಪ್ ವಾಲ್‌ಗೆ ಕಮ್ಮಿ ಹಾಕಿ, ಮಧ್ಯಮ ಶಾಟ್ ಜಾಸ್ತಿ ಇರಲಿ.

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ನನ್ನ ಸಲಹೆ ಬೇರೆಯೇ. ವಾಲ್‌ಗೆ ಹೋಗೋ ಎಚ್‌ಡಿಎಂಐಗೆ ಒಂದು ಸ್ಪ್ಲಿಟ್ಟರ್ ಹಾಕಿ, ಒಂದು ಕವಲು ವಾಲ್‌ಗೆ, ಇನ್ನೊಂದು ಕ್ಯಾಪ್ಚರ್ ಸ್ಟಿಕ್ ಮೂಲಕ ಲ್ಯಾಪ್‌ಟಾಪ್‌ಗೆ. ಅದರ ಬ್ಯಾಟರಿಯೇ ಯುಪಿಎಸ್. ಮೇನ್ ಕಂಪ್ಯೂಟರ್‌ನಲ್ಲೂ ರೆಕಾರ್ಡ್ ಆಗ್ತಾ ಇರಲಿ, ಒಂದು ಹೋದರೆ ಇನ್ನೊಂದು ಇರುತ್ತೆ. ಸ್ಟಿಕ್ ಕೊಳ್ಳುವಾಗ ಡಬ್ಬಿ ಮೇಲೆ 4ಕೆ ಅಂತ ಬರೆದಿರೋದನ್ನು ನೋಡಿ ಕೊಳ್ಳಬೇಡಿ. ಯುಎಸ್‌ಬಿ 2.0 ಸ್ಟಿಕ್‌ನ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಕುಗ್ಗಿಸದ 1080ಪಿ 30 ಫ್ರೇಮ್ ವಿಡಿಯೊಗೆ ಸುಮಾರು 1,000 ಮೆಗಾಬಿಟ್ ಬೇಕು. ಅಂದ ಮೇಲೆ ಅದು ಚಿತ್ರವನ್ನು ಕುಗ್ಗಿಸಿಯೇ ಕೊಡುತ್ತೆ. ಬ್ಯಾಕಪ್‌ಗೆ ಅದು ಸಾಕು, ಮುಖ್ಯ ಕ್ಯಾಮೆರಾಗೆ ಯುಎಸ್‌ಬಿ 3.0 ಕಾರ್ಡ್ ತಗೊಳ್ಳಿ. ಎರಡು ಕಾರ್ಡ್‌ಅನ್ನು ಒಂದೇ ಹಬ್‌ಗೆ ಚುಚ್ಚಬೇಡಿ. ಮುಂದೆ ರೆಸೊಲ್ಯೂಮ್‌ನಂಥ ಸಾಫ್ಟ್‌ವೇರ್‌ನಲ್ಲಿ ಮಿಕ್ಸ್ ಮಾಡಲು ಶುರು ಮಾಡಿದರೆ ಸ್ಕ್ರೀನ್ ಕ್ಯಾಪ್ಚರ್ ಮಾಡೋ ಬದಲು ಸ್ಪೌಟ್ (ಒಂದು ಸಾಫ್ಟ್‌ವೇರ್‌ನ ಚಿತ್ರವನ್ನು ಇನ್ನೊಂದಕ್ಕೆ ನೇರವಾಗಿ ಕೊಡೋ ವ್ಯವಸ್ಥೆ) ಮೂಲಕ ಒಬಿಎಸ್‌ಗೆ ತನ್ನಿ. ಒಂದೇ ಕಾರ್ಡ್‌ನ ಒಳಗೇ ಚಿತ್ರ ಕೈಬದಲಾಗುತ್ತೆ, ಭಾರ ಕಮ್ಮಿ.

ಯೂಟ್ಯೂಬ್ ಲೈವ್ ಮಾಡಿ ಅಂತ ಸಂಘಟಕರು ಕೇಳಿದರೆ ಎಸ್ಟೇಟ್ ಕಡೆಯ ಊರುಗಳಲ್ಲಿ ಒಪ್ಪಿಕೊಳ್ಳುವ ಮೊದಲು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಅಪ್‌ಲೋಡ್ ಸ್ಪೀಡ್ ನೋಡಿ. ಜನ ಸೇರಿದ ಮೇಲೆ ಟವರ್ ಮೇಲೆ ಒತ್ತಡ ಬೀಳುತ್ತೆ. ಕಳಿಸೋ ಬಿಟ್‌ರೇಟ್‌ನ ಎರಡರಷ್ಟು ಸ್ಪೀಡ್ ಇಲ್ಲದಿದ್ದರೆ, ಮರುದಿನ ಮನೆಯಿಂದ ಅಪ್‌ಲೋಡ್ ಮಾಡ್ತೇನೆ ಅಂತ ನೇರವಾಗಿ ಹೇಳಿ.

ಇಷ್ಟನ್ನು ಕಾರ್ಯಕ್ರಮದ ದಿನ ಮೊದಲ ಸಲ ಮಾಡಬೇಡಿ. ಮನೆಯ ಟಿವಿಯನ್ನೇ ವಾಲ್ ಅಂತ ಇಟ್ಟುಕೊಂಡು, ಎರಡೂ ಕ್ಯಾಮೆರಾ ಹಾಕಿ, ನಿಮ್ಮ ಕಾರ್ಯಕ್ರಮ ಎಷ್ಟು ಹೊತ್ತೋ ಅಷ್ಟು ಹೊತ್ತು ರೆಕಾರ್ಡ್ ಮಾಡಿ. ಹತ್ತು ನಿಮಿಷದಲ್ಲಿ ಕಾಣದ ಬಿಸಿ, ಡಿಸ್ಕ್ ತುಂಬೋದು ಎಲ್ಲಾ ಎರಡನೇ ಗಂಟೆಯಲ್ಲಿ ಕಾಣುತ್ತೆ. ಮಧ್ಯದಲ್ಲಿ ಬೇಕಂತಲೇ ಟಾಸ್ಕ್ ಮ್ಯಾನೇಜರ್‌ನಿಂದ ಒಬಿಎಸ್ ಮುಚ್ಚಿಸಿ, ಎಂಕೆವಿ ಫೈಲ್ ತೆರೆಯುತ್ತಾ ನೋಡಿ. ಆಮೇಲೂ ಲ್ಯಾಗ್ ಉಳಿದರೆ ಹೆಲ್ಪ್ ಮೆನುವಿನಲ್ಲಿರೋ ಲಾಗ್ ಫೈಲ್‌ಅನ್ನೂ ಸ್ಟ್ಯಾಟ್ಸ್‌ನ ಒಂದು ಫೋಟೊವನ್ನೂ ಕಳಿಸಿ. ಯಾವ ಲ್ಯಾಗ್ ಅಂತ ಗೊತ್ತಾದರೆ ಉಳಿದದ್ದನ್ನು ಸರಿಮಾಡೋಣ.